ನಮ್ಮ ಕಂಪ್ಯೂಟರಿಗೆ ಹೇಮಾವತಿ ಎಂದು ಹೆಸರಿಟ್ಟದ್ದು

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ‘ನಿಂಗರಾಜು ಗ್ರಾಫಿಕ್ಸ್’. ನಿಂಗರಾಜು ಎಂದರೆ ನಾನೇ. ಲಗ್ನಪತ್ರಿಕೆ, ತಿಥಿ ಕಾರ್ಡು, ಬೀಗರ ಊಟದ ಕಾರ್ಡು ಎಲ್ಲ ಮಾಡಿಕೊಡುತ್ತೇವೆ. ಅಂಗಡಿಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಯಂತ್ರ ಮತ್ತು ನನ್ನ ಹೆಂಡತಿ ಸುಶೀಲ ಇದ್ದಾರೆ. ಈ ನಾಲ್ವರಲ್ಲಿ ಮೊದಲ ಮೂವರಾದರೂ ನನ್ನ ಮಾತು ಕೇಳುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಎಲ್ಲಕ್ಕೂ ಮೂಲ ಒಂದು ಫೋನು. ಪ್ರಿಂಟರ್ ಕೆಟ್ಟಾಗ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು, “ಸಾರ್, ನಿಮ್ಮ ಸಿಸ್ಟಂ ಹೆಸರೇನು?” ಎಂದು ಕೇಳಿದ. “ನಿಂಗರಾಜು” ಎಂದೆ. “ನಿಮ್ಮದಲ್ಲ ಸಾರ್, ಸಿಸ್ಟಮ್ಮಿಂದು” ಎಂದ. ಕಂಪ್ಯೂಟರಿಗೆ ಹೆಸರಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ! ಆರು ವರ್ಷ ಎದುರುಬದುರು ಕೂತು ದುಡಿದಿದ್ದೇವೆ, ಒಂದು ದಿನವಾದರೂ ಹೆಸರು ಕೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ದಿನಗಳಲ್ಲಿ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದೆ. ನಾಲ್ಕನೇ ಪಾಠದಲ್ಲಿದ್ದೆ. ಮೂರನೇ ಪಾಠದವರೆಗೆ ಮನುಷ್ಯನಿಗೆ ಭಯವಿರುತ್ತದೆ, ಹತ್ತನೆಯದಕ್ಕೆ ಬುದ್ಧಿ ಬರುತ್ತದೆ. ನಾಲ್ಕನೆಯದರಲ್ಲಿ ಎರಡೂ ಇರುವುದಿಲ್ಲ! ಹೆಸರನ್ನು ಸೆಟ್ಟಿಂಗ್ಸ್‌ಗೆ ಹೋಗಿ ಒಂದು ನಿಮಿಷದಲ್ಲಿ ನೋಡಬಹುದು, ಬದಲಾಯಿಸಲೂ ಬಹುದು. ಆದರೆ ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಪ್ರೋಗ್ರಾಂ ಬರೆದೇ ಹೆಸರು ಕೇಳುತ್ತೇನೆ, ಪ್ರೋಗ್ರಾಂ ಬರೆದೇ ಹೆಸರಿಡುತ್ತೇನೆ ಎಂದು ನಿರ್ಧರಿಸಿದೆ.

“ಅದ್ರ ಹೆಸ್ರು ಕಟ್ಕೊಂಡು ನಿಮ್ಗೇನಾಗ್ಬೇಕ್ರೀ?” ಎಂದಳು ಸುಶೀಲ. “ಚೆಂದಾಗಿ ಕೆಲ್ಸ ಮಾಡ್ತಾ ಐತೆ. ಅದ್ನ ಅದ್ರ ಪಾಡಿಗೆ ಬುಟ್ಬುಡಿ.”

ಹೆಸರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಅಧಿಕಾರ ಅವಳಿಗಿರಲಿಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ಅವಳು ನನ್ನ ಹೆಸರು ಹೇಳಿದವಳಲ್ಲ. ಬಿ.ಎ. ಓದಿದ್ದಾಳೆ, ದಿನಾ ಪೇಪರ್ ಓದುತ್ತಾಳೆ, ಅಂಗಡಿಗೆ ಬಂದವರ ಜೊತೆ ಗಟ್ಟಿಯಾಗಿ ವಾದಿಸುತ್ತಾಳೆ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಹೇಳಿದ ಒಂದು ಮಾತನ್ನು ಮಾತ್ರ ಬಿಟ್ಟಿಲ್ಲ. ಗ್ಯಾಸಿನವನು ಬಂದು, “ಯಜಮಾನ್ರ ಹೆಸ್ರೇನಮ್ಮ?” ಎಂದರೆ ಅಂಗಡಿಯ ಬೋರ್ಡಿನ ಕಡೆ ಕೈ ತೋರಿಸಿ, “ಬರ್ಸಿಲ್ವಾ ಅಲ್ಲಿ? ಓದ್ಕೊಳಿ” ಎನ್ನುತ್ತಾಳೆ.

ಇರಲಿ. ಒಂದು ಗುರುವಾರ ಸಂಜೆ ಆರು ಗಂಟೆಗೆ, ಅವಳು ಅಡುಗೆಗೆಂದು ಮನೆಗೆ ಹೊರಟ ಮೇಲೆ, ನಾನು ಕಂಪ್ಯೂಟರಿನ ಮುಂದೆ ಗಂಭೀರವಾಗಿ ಕೂತೆ. ಹೆಸರು ಕೇಳುವ ಸಾಲು ಬರೆದು ಓಡಿಸಿದೆ. ಮೋಟಾರ್ ಬೈಕಿನ ಇಂಜಿನ್ ನಂಬರಿನಂಥ ಒಂದು ಹೆಸರು ಬಂತು. ಪಾಪ, ಹೆತ್ತವರು ಹಾಗೇ ಕಳಿಸಿದ್ದರು! ನಾನು ಹೊಸ ಹೆಸರು ಯೋಚಿಸಿಯೇ ಇಟ್ಟಿದ್ದೆ: ಹೇಮಾವತಿ. ಸುಶೀಲಳ ತವರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿಯ ಹತ್ತಿರ, ಹೇಮಾವತಿ ಹೊಳೆ ದಂಡೆಯ ಹಳ್ಳಿ. ಬೆಳಿಗ್ಗೆ ತೆರೆಯ ಮೇಲೆ ತವರಿನ ಹೊಳೆಯ ಹೆಸರು ಕಂಡು ಅವಳ ಮುಖ ಅರಳಬೇಕು. ಉದ್ದೇಶ ಅಷ್ಟೇ, ಸತ್ಯವಾಗಿ!

ಹೆಸರು ಬದಲಾಯಿಸುವ ಸಾಲು ಬರೆದು ಓಡಿಸಿದೆ. ಆಮೇಲೆ, “ನಿನ್ನ ಹೆಸರೇನು?” ಎಂದು ಕೇಳುವ ಸಾಲು ಓಡಿಸಿದೆ. ಹಳೇ ಹೆಸರನ್ನೇ ಹೇಳಿತು. ಮತ್ತೆ ಬದಲಾಯಿಸಿದೆ, ಮತ್ತೆ ಹಳೇ ಹೆಸರು. ಮೂರು ಸಲ ಹೀಗೇ ಆಯಿತು. ಸಿಟ್ಟಿನಲ್ಲಿ ಯಂತ್ರವನ್ನು ಆರಿಸಿ ಹಚ್ಚಿದರೆ, ಹೇಮಾವತಿ ಎಂದಿತು! ಒಂದು ಸಲ ಆರಿಸಿ ಹಚ್ಚಿದ ಮೇಲೆಯೇ ಹೊಸ ಹೆಸರು ಹತ್ತುತ್ತದಂತೆ, ಹತ್ತಿದ ಮೇಲೆ ಉಳಿಯುತ್ತದಂತೆ. ಇದು ಆ ವಿಡಿಯೋದ ಕೊನೆಯ ಎರಡು ನಿಮಿಷದಲ್ಲಿತ್ತು. ಕೊನೆಯ ಎರಡು ನಿಮಿಷ ನಾನು ನೋಡಿರಲಿಲ್ಲ.

ಆದ್ದರಿಂದ ನನಗೆ ಅನುಮಾನ ಬಂತು. ಮೂರು ಸಲ ಸುಳ್ಳು ಹೇಳಿದ ಯಂತ್ರ ಬೆಳಗಾಗುವುದರಲ್ಲಿ ಮರೆತರೆ? ಅದಕ್ಕೆ ಖಾಯಂ ವ್ಯವಸ್ಥೆ ಮಾಡಿದೆ. ಯಂತ್ರ ಹಚ್ಚಿದಾಗಲೆಲ್ಲ ಪ್ರೋಗ್ರಾಂ ತಾನೇ ಓಡಬೇಕು, ಹೇಮಾವತಿ ಎಂದು ಹೆಸರಿಡಬೇಕು, ಹೆಸರು ಹತ್ತಲೆಂದು ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಬೇಕು. ಕೆಲಸ ಮಾಡುತ್ತಿರುವವರು ಉಳಿಸಿಕೊಳ್ಳಲಿ ಎಂಬ ಮಾನವೀಯತೆಯಿಂದ ಅರವತ್ತು ಸೆಕೆಂಡು ಬಿಡುವು ಕೊಟ್ಟೆ. ‘ಹೇಮಾವತಿ ಸಿದ್ಧಳಾಗುತ್ತಿದ್ದಾಳೆ, ದಯವಿಟ್ಟು ಕಾಯಿರಿ’ ಎಂಬ ಚೆಂದದ ಸಂದೇಶ ಹಾಕಿದೆ. ಒಂದು ಕಡೆ ತಪ್ಪಿದರೆ ಇರಲಿ ಎಂದು ಇದನ್ನೆಲ್ಲ ಎರಡು ಕಡೆ ಅಳವಡಿಸಿ, ಯಂತ್ರ ಆರಿಸಿ, ಶಿಳ್ಳೆ ಹಾಕುತ್ತಾ ಮನೆಗೆ ಹೋದೆ. ಆರಿಸಿ ಹಚ್ಚಿದರೆ ಪ್ರೋಗ್ರಾಂ ಮತ್ತೆ ಓಡುತ್ತದೆ, ಮತ್ತೆ ಹೆಸರಿಡುತ್ತದೆ, ಮತ್ತೆ ಆರಿಸಿ ಹಚ್ಚುತ್ತದೆ ಎಂಬ ಸಣ್ಣ ವಿಚಾರ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ!

ಮಾರನೆಯ ದಿನ ಶುಕ್ರವಾರ. ಅದು ಎಂಥ ಶುಕ್ರವಾರ ಎಂದು ಹೇಳಬೇಕು. ಸುಶೀಲಳ ತಮ್ಮ ಮಹೇಶನ ಮಗಳು ಚೈತ್ರಳಿಗೆ ನಾಗಮಂಗಲದ ಹುಡುಗ ಗೊತ್ತಾಗಿದ್ದ. ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ. ಲಗ್ನಪತ್ರಿಕೆ ನಮ್ಮ ಅಂಗಡಿಯದೇ. ಆ ದಿನ ಹತ್ತೂವರೆಗೆ ರಾಹುಕಾಲ ಹುಟ್ಟುವುದರೊಳಗೆ ಪತ್ರಿಕೆ ಹಿಡಿದು ಹೊರಡಬೇಕು, ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಡಬೇಕು, ಆಮೇಲೆಯೇ ನೆಂಟರಿಗೆ ಹಂಚುವುದು. ಇದು ಒಂದು. ಇದಕ್ಕಿಂತ ದೊಡ್ಡದು ತಿಮ್ಮಣ್ಣ ಮಾವನ ವಿಚಾರ.

ತಿಮ್ಮಣ್ಣ ಮಾವ ಸುಶೀಲಳ ದೊಡ್ಡಪ್ಪ, ಮನೆಗೆಲ್ಲ ಹಿರಿಯ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು ಸ್ವಲ್ಪ ತಪ್ಪಿದರೂ ಜನ ಸುಮ್ಮನಿರುತ್ತಾರೆ. ಕೆಳಗೆ ‘ಸುಖಾಗಮನವನ್ನು ಬಯಸುವವರು’ ಎಂದು ಬರುವ ನೆಂಟರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಮುಗಿಯಿತು, ಸಂಬಂಧವೇ ಕಡಿದುಹೋಗುತ್ತದೆ. ಮಹೇಶನ ಮದುವೆಯ ಪತ್ರಿಕೆಯಲ್ಲಿ ಮಾವನ ಹೆಸರು ಬಿಟ್ಟುಹೋಗಿತ್ತು. ಅಂದಿನಿಂದ ಅವರು ಎರಡು ಬೀದಿ ಆಚೆ ಇದ್ದರೂ ತಮ್ಮನ ಮನೆಯ ಹೊಸಿಲು ತುಳಿದಿರಲಿಲ್ಲ. ಈಗ ಚೈತ್ರಳೇ ಹೋಗಿ ಕೈ ಹಿಡಿದು, “ನೀವಿಲ್ದೆ ನನ್ ಮದ್ವೆ ಬ್ಯಾಡ ದೊಡ್ತಾತ” ಎಂದು ಅತ್ತಿದ್ದಳು. ಮಾವ ಕರಗಿದ್ದರು, ಒಂದು ಷರತ್ತಿನ ಮೇಲೆ: ದೇವರ ಮುಂದಿಡುವ ಮೊದಲು ಪತ್ರಿಕೆಯಲ್ಲಿ ತಮ್ಮ ಹೆಸರನ್ನು ಕಣ್ಣಾರೆ ನೋಡಬೇಕು.

ಎಂಟು ಗಂಟೆಗೆ ಮಹೇಶನ ಕಾರು ಬಂತು. ತೆಂಗಿನಕಾಯಿ, ಬಾಳೆಗೊನೆ, ಅರಿಶಿನ ಕುಂಕುಮದ ತಟ್ಟೆ ಎಲ್ಲ ಇಳಿದವು. ತಿಮ್ಮಣ್ಣ ಮಾವ ಗರಿಗರಿ ಪಂಚೆಯುಟ್ಟು ಬಂದು ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡರು. “ತೆಗಿ ಅಳಿಮಯ್ಯ, ನೋಡುವಾ” ಎಂದರು. ನಾನು ಠೀವಿಯಿಂದ ಯಂತ್ರ ಹಚ್ಚಿದೆ.

“ಹೇಮಾವತಿ ಸಿದ್ಧಳಾಗುತ್ತಿದ್ದಾಳೆ, ದಯವಿಟ್ಟು ಕಾಯಿರಿ.”

ಸುಶೀಲ ಓದಿ ನನ್ನ ಕಡೆ ತಿರುಗಿದಳು. “ನಮ್ ಹೊಳೆ ಹೆಸ್ರು ಇಟ್ಟಿದ್ದೀರಾ?” ಎಂದಳು. ಮುಖ ಅರಳಿತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಅರಳಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅರವತ್ತು ಸೆಕೆಂಡು ಅವಳ ಮುಖವನ್ನೇ ನೋಡುತ್ತಾ ಕೂತೆ. ಯಂತ್ರ ಆರಿತು.

“ಕರೆಂಟ್ ಓಯ್ತಾ?” ಎಂದರು ಮಾವ.

“ಇಲ್ಲ ಮಾವ, ಹೆಸರು ಹತ್ತಬೇಕು, ಒಂದ್ಸಲ ಆರಿ ಹತ್ಕತದೆ.”

ಹತ್ತಿಕೊಂಡಿತು. ಹೇಮಾವತಿ ಸಿದ್ಧಳಾದಳು. ಮತ್ತೆ ಆರಿತು. ಮತ್ತೆ ಹತ್ತಿತು, ಮತ್ತೆ ಸಿದ್ಧಳಾದಳು, ಮತ್ತೆ ಆರಿತು. ನಾಲ್ಕನೆಯ ಸಲಕ್ಕೆ ನನಗೆ ವಿಷಯ ಹೊಳೆಯಿತು. ಐದನೆಯ ಸಲ ಆ ಪ್ರೋಗ್ರಾಮನ್ನು ಹುಡುಕಿ ಅಳಿಸಿಹಾಕಿ, “ಆಯ್ತು ಬುಡಿ!” ಎಂದು ಘೋಷಿಸಿದೆ. ಯಂತ್ರ ಆರಿತು. ನನ್ನ ಜಾಣತನ ಎರಡು ಕಡೆ ಇತ್ತು! ಎರಡನೆಯದನ್ನು ಎಲ್ಲಿಟ್ಟೆ ಎಂಬುದು ಮರೆತುಹೋಗಿತ್ತು.

“ಇದ್ಯಾಕ್ ಭಾವ ಇಂಗಾಡ್ತದೆ?” ಎಂದ ಮಹೇಶ, ಗಡಿಯಾರ ನೋಡುತ್ತಾ. ಎಂಟೂವರೆ ದಾಟಿತ್ತು.

“ಹೋಗ್ಲಿ, ಅರವತ್ತು ಸೆಕೆಂಡು ಐತಲ್ಲ, ಫೈಲ್ ತೆಗ್ದು ಪ್ರಿಂಟ್ ಕೊಟ್ಬುಡ್ತೀನಿ” ಎಂದೆ. ಮುಂದಿನ ಸಲ ಯಂತ್ರ ಎದ್ದ ಕೂಡಲೇ ಫೈಲ್ ತೆಗೆದೆ. ಒಳಗೆ ಒಂದೂ ಕನ್ನಡ ಅಕ್ಷರವಿರಲಿಲ್ಲ! ಬರೀ ಚುಕ್ಕೆ, ಗೀಟು, ಕೊಕ್ಕೆ. ನಮ್ಮ ಕನ್ನಡ ಅಕ್ಷರದ ಸಾಫ್ಟ್‌ವೇರನ್ನು ಕಂಪ್ಯೂಟರಿನ ಹಳೇ ಹೆಸರಿಗೆ ನೋಂದಾಯಿಸಿಕೊಟ್ಟಿದ್ದರು. ಹೇಮಾವತಿ ಯಾರೋ ಅದಕ್ಕೆ ಗೊತ್ತಿಲ್ಲ. ಗುರುತು ಪರಿಚಯವಿಲ್ಲದವರಿಗೆ ಅಕ್ಷರ ತೋರಿಸುವುದಿಲ್ಲ ಎಂದು ಕೂತಿತ್ತು.

ಮಾವ ಕನ್ನಡಕದಿಂದ ತೆರೆಯನ್ನು ದಿಟ್ಟಿಸಿ, “ಇದ್ರಲ್ ನನ್ ಎಸ್ರು ಯಾವ್ದ್ಲಾ ಮಯೇಸ?” ಎಂದರು. ನಾನು ಫೈಲನ್ನು ಮೇಲೆ ಕೆಳಗೆ ಸರಿಸಿದೆ. “ಈ ಕಿತಾನೂ ಬುಟ್‌ಬುಟ್ರಾ?” ಎಂದು ಮೆಲ್ಲಗೆ ಎದ್ದುನಿಂತರು.

ಸುಶೀಲ ಓಡಿಹೋಗಿ ದೊಡ್ಡಪ್ಪನ ಕೈ ಹಿಡಿದು ಕೂರಿಸಿ, “ಎಲ್ಲಾರ್‌ಗಿಂತ ಮೊದ್ಲು ನಿಮ್ಮುದೇ ಐತೆ ದೊಡ್ಡಪ್ಪ, ಕಾಫಿ ತರುಸ್ತೀನಿ, ಕುಂತ್ಕಳಿ” ಎಂದಳು. ನನ್ನ ಹತ್ತಿರ ಬಂದು ಹಲ್ಲು ಕಚ್ಚಿ, “ಎದುರು ಪ್ರಿಂಟಿಂಗ್ ಅಂಗ್ಡಿಗೆ ಹೋಗ್ ಮಾಡ್ಸುವಾ ನಡೀರಿ” ಎಂದಳು.

ಎದುರು ಅಂಗಡಿ! ನನ್ನ ಹೆಂಡತಿಯ ತಮ್ಮನ ಮನೆಯ ಲಗ್ನಪತ್ರಿಕೆ ಎದುರು ಅಂಗಡಿಯಲ್ಲಿ! ಅದರ ಬದಲು ಅಂಗಡಿಯ ಬೋರ್ಡನ್ನೇ ಇಳಿಸಿಬಿಡುವುದು ಲೇಸು. “ಸಾಧ್ಯವಿಲ್ಲ” ಎಂದೆ. “ನಾನು ಮೊದ್ಲಿಂದ ಟೈಪ್ ಮಾಡ್ತೀನಿ. ಕಂಪ್ಯೂಟರಿನ ಜೊತೆಗೇ ಬರೋ ಸಾದಾ ಕನ್ನಡ ಅಕ್ಷರ ಐತೆ, ಅದಕ್ಕೆ ಯಾವ ಹೆಸರೂ ಬೇಡ. ಸಲಕ್ಕೆ ಅರವತ್ತು ಸೆಕೆಂಡು. ನೀನು ಹೇಳ್ತಾ ಹೋಗು.”

ಮದುವೆಯ ದಿನಾಂಕ, ಮುಹೂರ್ತ, ಛತ್ರದ ಭಾಗವನ್ನು ಒಪ್ಪಿಗೆಗೆಂದು ಗಂಡಿನ ಕಡೆಯವರಿಗೆ ಕಳಿಸಿದ್ದರಿಂದ ಅದರ ಫೋಟೋ ಸುಶೀಲಳ ಮೊಬೈಲಿನಲ್ಲಿತ್ತು. ನೆಂಟರ ಪಟ್ಟಿ ಮಾತ್ರ ಹಿಂದಿನ ದಿನ ಪೂರ್ತಿಯಾಗಿದ್ದು, ಅವಳ ತಲೆಯಲ್ಲಿತ್ತು. ಅವಳ ತಲೆಯಲ್ಲಿ ನಾಲ್ಕು ತಾಲ್ಲೂಕಿನ ನೆಂಟರು ಯಾರ ಮುಂದೆ ಯಾರು, ಯಾರ ಪಕ್ಕದಲ್ಲಿ ಯಾರಿರಬಾರದು ಎಂಬ ಲೆಕ್ಕದ ಸಮೇತ ಇರುತ್ತಾರೆ.

ಆಮೇಲೆ ನಡೆದದ್ದನ್ನು ಯುದ್ಧ ಎಂದೇ ಕರೆಯಬೇಕು. ಹೇಮಾವತಿ ಏಳಲು ಮೂರು ನಿಮಿಷ. ಎದ್ದರೆ ಒಂದು ನಿಮಿಷ ಕೆಲಸ. ಏಳುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುವುದು, ಎದ್ದ ಕೂಡಲೇ, “ಬಂದ್ಲು! ಬಂದ್ಲು!” ಎಂದು ಕೂಗುವುದು. ಸುಶೀಲ ಹೇಳುವುದು, ನಾನು ಬಡಿಯುವುದು, ಮಹೇಶ ಸೆಕೆಂಡು ಎಣಿಸುವುದು. “ಹತ್ತು! ಒಂಬತ್ತು!” ಎಂದ ಕೂಡಲೇ ನಾನು ಬರೆದದ್ದನ್ನು ಉಳಿಸುವುದು. ಒಮ್ಮೆ ಉಳಿಸುವುದು ತಡವಾಗಿ ಮುಹೂರ್ತವೇ ಹಾರಿಹೋಯಿತು. ಅಷ್ಟರಲ್ಲಿ ಕಾಫಿ ತಂದ ಹೋಟೆಲಿನ ಬೋರಣ್ಣ ಟ್ರೇ ಇಟ್ಟು ಅಲ್ಲೇ ನಿಂತವನು ಹೋಗಲೇ ಇಲ್ಲ. ಎಣಿಸುವ ಕೆಲಸವನ್ನೂ ಅವನೇ ವಹಿಸಿಕೊಂಡ. ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು ಇಣುಕಿದರು. ತಿಮ್ಮಣ್ಣ ಮಾವನಿಗೂ ಹುರುಪು ಹತ್ತಿ ಕುರ್ಚಿಯ ತುದಿಗೆ ಬಂದು, “ಬಡಿಲಾ ಅಳಿಮಯ್ಯ! ಬುಡಬ್ಯಾಡ ಕಣ್ಲಾ!” ಎಂದು ತೊಡೆ ತಟ್ಟತೊಡಗಿದರು. ನಿಜ ಹೇಳುತ್ತೇನೆ, ಅಷ್ಟು ಭಯದಲ್ಲೂ ನನಗೆ ಖುಷಿಯಾಗುತ್ತಿತ್ತು.

ಹತ್ತು ಗಂಟೆಗೆ ಪಟ್ಟಿಯ ಕೊನೆಯ ಭಾಗಕ್ಕೆ ಬಂದೆವು.

“ಶ್ರೀರಂಗಪಟ್ಟಣದ ಪುಟ್ಟಮ್ಮ ಮತ್ತು ಮಕ್ಕಳು” ಎಂದಳು ಸುಶೀಲ. ಬಡಿದೆ.

“ಆಮೇಲೆ... ಇವ್ರು.”

“ಇವ್ರು ಅಂದ್ರೆ ಯಾರೇ? ಹೆಸರು ಹೇಳು!”

“ಅದೇ ಕಣ್ರೀ... ಪಾಂಡವಪುರದೋರು.”

“ಪಾಂಡವಪುರದಲ್ಲಿ ಸಾವಿರ ಜನ ಅವ್ರೆ! ಹೆಸರು, ಹೆಸರು!”

“ಇಪ್ಪತ್ತು! ಅತ್ತೊಂಬತ್ತು!” ಎಂದ ಬೋರಣ್ಣ.

ಅವಳು ಏನೋ ಕೈಸನ್ನೆ ಮಾಡಿದಂತಿತ್ತು. ನನ್ನ ಕಣ್ಣು ಕೀಲಿಗಳ ಮೇಲಿತ್ತು. “ಹೋಗ್ಲಿ ಬುಡು, ಆಮೇಲ್ ನೋಡುವಾ, ಮುಂದಕ್ ಹೇಳು!” ಎಂದು ಗದರಿದೆ.

“ಬಾಬುರಾಯನಕೊಪ್ಪಲು ಚಿಕ್ಕೇಗೌಡ್ರು” ಎಂದಳು. ಬಡಿದೆ. ಉಳಿಸಿದೆ. ಯಂತ್ರ ಆರಿತು. ಅದರ ಮುಂದಿನ ಸಲ ಯಂತ್ರ ಏಳುತ್ತಲೇ ಪ್ರಿಂಟ್ ಒತ್ತಿದೆ. ಮೂರು ಸೆಕೆಂಡು ಉಳಿದಿರುವಾಗ ಗಣೇಶನ ಚಿತ್ರದ ಹಳದಿ ಕಾರ್ಡು ಹೊರಗೆ ಬಂದು ಬಿತ್ತು!

ಬಾಗಿಲಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಮಾವ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳಿಟ್ಟು ಪಟ್ಟಿಯ ಮೊದಲ ಸಾಲು ಓದಿದರು. ‘ಶ್ರೀ ತಿಮ್ಮಣ್ಣನವರು ಮತ್ತು ಮಕ್ಕಳು’. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಚೆಂದಾಗ್ ಬಂದದೆ ಕಣ್ಲಾ ಮಯೇಸ” ಎಂದರು. ಅಷ್ಟು ವರ್ಷಗಳ ಮೇಲೆ ತಮ್ಮನ ಮಗನ ಹೆಗಲ ಮೇಲೆ ಕೈಯಿಟ್ಟರು. ಮಹೇಶ ಮಗುವಿನ ಹಾಗೆ ಅತ್ತುಬಿಟ್ಟ.

ಉಳಿದ ಕಾರ್ಡುಗಳನ್ನು ನಮ್ಮ ಜೆರಾಕ್ಸ್ ಯಂತ್ರ ಒಂದೇ ಉಸಿರಿಗೆ ತೆಗೆದುಕೊಟ್ಟಿತು. ಅದಕ್ಕೆ ನಾನು ಇನ್ನೂ ಹೆಸರಿಟ್ಟಿರಲಿಲ್ಲ. ಎಲ್ಲರೂ ಸೇರಿ ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚಿದೆವು. ಗಂಟೆ ಹತ್ತೂ ಇಪ್ಪತ್ತು. ಹೊರಡುವ ಮುಂಚೆ ಮಾವ ಕಾರ್ಡನ್ನು ಮತ್ತೊಮ್ಮೆ ಆಸೆಯಿಂದ ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಯಲ್ಲಿ ಬೆರಳು ನಿಂತಿತು.

“ಅಳಿಮಯ್ಯ, ನಿನ್ ಎಸ್ರೆಲ್ಲಪ್ಪಾ?”

ನಾನು ನೋಡಿದೆ. ಮಹೇಶ ನೋಡಿದ. ಬೋರಣ್ಣನೂ ನೋಡಿದ. ಪುಟ್ಟಮ್ಮನವರಿದ್ದಾರೆ, ಚಿಕ್ಕೇಗೌಡರಿದ್ದಾರೆ. ನಡುವೆ ನಾನಿಲ್ಲ!

“ನೀವೇ ಮುಂದಕ್ ಹೇಳು ಅಂದ್ರಲ್ರೀ!” ಎಂದಳು ಸುಶೀಲ, ಅಳುವುದೋ ನಗುವುದೋ ತಿಳಿಯದೆ. “ನಾನು ಕೈ ಮಾಡಿ ನಿಮ್ಮುನ್ನೇ ತೋರ್ಸುದ್ನಲ್ಲ. ನೀವು ಆ ಡಬ್ಬದ ಕಡೆ ನೋಡ್ತಾ ಇದ್ರಿ!”

ಕಂಪ್ಯೂಟರಿನ ಹೆಸರು ಕೇಳಲು ಒಂದು ಸಾಲು ಬರೆದವನು ನಾನು. ‘ಇವ್ರು’ ಎಂದರೆ ಯಾರು ಎಂದು ಇಪ್ಪತ್ತಮೂರು ವರ್ಷದ ಸಂಸಾರದ ಮೇಲೂ ನನಗೆ ಹೊಳೆಯಲಿಲ್ಲ.

“ಇನ್ನೊಂದ್ ಕಿತ ಒಡ್ದುಬುಡುವಾ ಭಾವ” ಎಂದ ಮಹೇಶ. ಆದರೆ ಕಾರ್ಡು ಮುಗಿದಿದ್ದವು. ತೆರೆಯ ಮೇಲೆ ಹೇಮಾವತಿ ಸಿದ್ಧಳಾಗುತ್ತಿದ್ದಳು. ಪೆನ್ನಿನಲ್ಲಿ ಬರೆಯಲೇ ಎಂದಳು ಸುಶೀಲ. ಈ ವಿಷಯದಲ್ಲಿ ಅನುಭವಸ್ಥರಾದ ಮಾವ ತಲೆಯಾಡಿಸಿದರು: “ಪೆನ್ನಲ್ ಬರುದ್ರೆ ಮರ್ತಿದ್ದು ಆಮೇಲ್ ಸೇರ್ಸವ್ರೆ ಅಂತ ಗೊತ್ತಾಯ್ತದೆ. ಅದು ಇನ್ನೂ ಅವ್ಮಾನ. ನಂಗೆ ಗೊತ್ತು ಕಣ್ ಬುಡು.” ಆಮೇಲೆ ನನ್ನ ಬೆನ್ನು ತಟ್ಟಿ, ಬಾಯಿ ತುಂಬ ನಕ್ಕು, “ನಿಂಗೂ ಸಿಟ್ ಮಾಡ್ಕಳದು ಎಂಗೆ ಅಂತ ಏಳ್ಕೊಡ್ತೀನಿ ಬಾ” ಎಂದರು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. “ಹೊರಡಿ, ರಾಹುಕಾಲ ಬಂತು!” ಎಂದು ನಾನೇ ಎಲ್ಲರನ್ನೂ ಕಾರಿಗೆ ಹತ್ತಿಸಿದೆ.

ಮದುವೆ ಬಹಳ ಚೆನ್ನಾಗಿ ಆಯಿತು. ಪತ್ರಿಕೆಯಲ್ಲಿ ನನ್ನ ಹೆಸರಿಲ್ಲದ್ದು ಕಂಡು, ನಮ್ಮಲ್ಲಿ ಜಗಳವಾಗಿದೆ ಎಂದು ನಾಲ್ಕೂ ತಾಲ್ಲೂಕಿನಲ್ಲಿ ಸುದ್ದಿ ಹಬ್ಬಿತ್ತು. ಒಬ್ಬೊಬ್ಬರೇ ಬಂದು, “ಏನೇ ಇರ್ಲಿ, ಮನ್ಸಲ್ ಇಟ್ಕಬ್ಯಾಡ ನಿಂಗರಾಜು” ಎಂದು ಸಮಾಧಾನ ಮಾಡಿದರು. ಕಾರ್ಡಿನ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಮುದ್ರಣ: ನಿಂಗರಾಜು ಗ್ರಾಫಿಕ್ಸ್’ ಎಂದಿತ್ತು. ಅದನ್ನು ಓದಿದ್ದ ನಾಗಮಂಗಲದ ಬೀಗರೊಬ್ಬರು ಇವರ ಬಾಯಲ್ಲಿ ನಿಂಗರಾಜು ಎಂದು ಕೇಳಿ ನನ್ನನ್ನು ಗುರುತಿಸಿ, “ಓ, ಪ್ರಿಂಟಿಂಗ್‌ನೋರಾ? ಇಷ್ಟು ದೂರ ಬಂದಿದ್ದೀರ, ಊಟ ಮಾಡ್ಕಂಡೇ ಓಗ್ಬೇಕು!” ಎಂದು ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ಊಟ ಮಾಡಿದೆ.

ಆ ಪ್ರೋಗ್ರಾಮಿನ ಎರಡನೆಯ ಪ್ರತಿಯನ್ನು ಹುಡುಕಿ ಅಳಿಸಿದ್ದೇನೆ. ಹೆಸರು ಮಾತ್ರ ಉಳಿಯಿತು, ಸುಶೀಲ ಬದಲಾಯಿಸಲು ಬಿಡಲಿಲ್ಲ. ಆ ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನ ಹೊಸ ಹೆಸರಿಗೆ ನೋಂದಾಯಿಸಲೆಂದು ಮೊನ್ನೆ ಸಾಫ್ಟ್‌ವೇರಿನವರು ಫೋನ್ ಮಾಡಿದ್ದರು. ಸುಶೀಲಳೇ ತೆಗೆದುಕೊಂಡಳು. “ಸಿಸ್ಟಂ ಹೆಸರೇನು ಮೇಡಂ?” ಎಂದು ಕೇಳಿದ್ದು ನನಗೂ ಕೇಳಿಸಿತು.

“ಹೇಮಾವತಿ!” ಎಂದಳು, ಬೀದಿಗೆಲ್ಲ ಕೇಳುವಂತೆ.

“ಅಂಗಡಿ ಮಾಲೀಕರ ಹೆಸರು?”

ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು.